ಯಜಮಾನರ ಸ್ವಿಚ್ಚಿಗೆ ಮೊದಲ ಸ್ಥಾನ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಇದ್ದರೆ ಇರಲಿ. ಸಿಟ್ಟು ಬರಬೇಕಾದ್ದನ್ನು ಕಂಡೂ ಬಾರದಿದ್ದರೆ ಆ ಮೂಗನ್ನು ಇಟ್ಟುಕೊಂಡು ಏನು ಮಾಡುವುದು? ಈಗ ತಲೆ ನೆರೆತಿದೆ, ಮಂಡಿ ನೋಯುತ್ತದೆ. ಆದರೂ ಪಾಂಡವಪುರದ ಹೊರಗಿದ್ದ ಆ ಎಣ್ಣೆ ಕಾರ್ಖಾನೆ ನೆನಪಾದರೆ ಮೈಯೆಲ್ಲ ಉರಿದುಹೋಗುತ್ತದೆ. ಹೋಗಲಿ ಬಿಡಿ, ಹಳೇ ಮಾತು ಎಂದು ಯಾರಾದರೂ ಸಮಾಧಾನ ಹೇಳಲು ಬಂದರೆ ಇನ್ನಷ್ಟು ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ನನಗೆ ಬೆಳಗೊಳದ ಹತ್ತಿರ ಒಂದು ಶೀಟಿನ ಶೆಡ್ಡಿನಲ್ಲಿ ಕೆಲಸ ಸಿಕ್ಕಿತ್ತು. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಬೆಳಗೊಳಕ್ಕೆ ಇನ್ನೊಂದು. ಶೆಡ್ಡಿನ ಒಡೆಯರು ಮೈಸೂರಿನವರು, ತುಂಬ ಓದಿದವರು. ನಾವು ಅವರನ್ನು ಸಾರ್ ಎನ್ನುತ್ತಿದ್ದೆವು. ಕಾರ್ಖಾನೆಗಳಿಗೆ ಎಚ್ಚರಿಕೆಯ ಪ್ಯಾನಲ್ಲು ಮಾಡಿಕೊಡುವುದು ಅವರ ಕಸುಬು. ಎಲ್ಲೋ ಶಾಖ ಏರಿತು, ಎಲ್ಲೋ ನೀರು ಇಳಿಯಿತು ಎಂದರೆ ಗಂಟೆ ಹೊಡೆದು ಕೆಂಪು ದೀಪ ಹೊತ್ತಿಸುವ ಕಬ್ಬಿಣದ ಪೆಟ್ಟಿಗೆ ಅದು. ಅಲ್ಲಿಯವರೆಗೆ ಅದನ್ನೆಲ್ಲ ರಿಲೇ ಎಂಬ ಕರೆಂಟಿನ ಸ್ವಿಚ್ಚುಗಳಲ್ಲಿ ಮಾಡುತ್ತಿದ್ದರು. ಆ ವರ್ಷ ಸಾರ್ ಬೊಂಬಾಯಿಯಿಂದ ಮೈಕ್ರೊಪ್ರೊಸೆಸರ್ ಚಿಪ್ಪುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, ಇನ್ನು ಮೇಲೆ ಇದರಲ್ಲಿ ಮಾಡೋಣ, ಪ್ರೋಗ್ರಾಂ ನೀನು ಬರಿ ಅಂದರು.

ತಂದ ಚಿಪ್ಪುಗಳಲ್ಲಿ ಒಂದರ ಹೆಸರು ಇಂಟರಪ್ಟ್ ಕಂಟ್ರೋಲರ್. ಅದರ ಕೆಲಸ ಏನೆಂದು ಅವತ್ತು ನಮ್ಮವ್ವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಪ್ರೊಸೆಸರು ಅನ್ನುವುದು ಒಂಟಿ ಜೀವ, ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಎಂಟು ಕಡೆಯಿಂದ ಎಂಟು ಜನ ಅದರ ಸೆರಗು ಹಿಡಿದು ಎಳೆಯುತ್ತಾರೆ. ಯಾರ ಕಡೆ ಮೊದಲು ತಿರುಗಬೇಕು, ಯಾರು ಕಾಯಬೇಕು ಎಂದು ತೀರ್ಮಾನ ಮಾಡುವುದು ಈ ಚಿಪ್ಪು. ಎಂಟು ತಂತಿಗೆ ಸೊನ್ನೆಯಿಂದ ಏಳರವರೆಗೆ ನಂಬರು. ಸೊನ್ನೆ ಎಲ್ಲರಿಗಿಂತ ಮೊದಲು, ಏಳು ಎಲ್ಲರಿಗಿಂತ ಕೊನೆ. ಸೊನ್ನೆಯವನ ಕೆಲಸ ನಡೆಯುತ್ತಿರುವಾಗ ಮಿಕ್ಕವರು ಬಾಯಿ ಬಡಿದುಕೊಂಡರೂ ಅದು ತಿರುಗಿ ನೋಡುವುದಿಲ್ಲ.

ಆ ಚಿಪ್ಪನ್ನು ಆಳುವ ಪ್ರೋಗ್ರಾಂ ನಾನು ಬರೆಯಬೇಕಿತ್ತು. ಇಂಥ ಪ್ರೋಗ್ರಾಮಿಗೆ ಕರ್ನಲ್ಲು, ಡ್ರೈವರು ಎಂದು ಈಗಿನ ಮಕ್ಕಳು ಸಲೀಸಾಗಿ ಹೇಳುತ್ತವೆ. ನನ್ನ ಹತ್ತಿರ ಇದ್ದದ್ದು ಪೆನ್ಸಿಲ್ಲು, ಚೌಕಳಿ ಹಾಳೆ ಮತ್ತು ಮಸುಕು ಮಸುಕಾದ ಒಂದು ಇಂಗ್ಲಿಷ್ ಕೈಪಿಡಿ. ಎಳೆದವರ ಕಡೆ ತಿರುಗುವ ಮುಂಚೆ ಕೈಯಲ್ಲಿದ್ದ ಕೆಲಸವನ್ನು ಜೋಪಾನವಾಗಿ ತೆಗೆದಿಡಬೇಕು. ಅವರ ಕೆಲಸ ಮುಗಿಸಬೇಕು, ಮುಗಿಯಿತು ಎಂದು ಚಿಪ್ಪಿಗೆ ತಿಳಿಸಬೇಕು, ಆಮೇಲೆ ಬಿಟ್ಟ ಜಾಗಕ್ಕೇ ಮರಳಬೇಕು. ಮುಗಿಯಿತು ಎಂದು ತಿಳಿಸಲು ಮರೆತರೆ ಹಿಂದೆ ನಿಂತವರಿಗೆ ಸರದಿ ಬರುವುದೇ ಇಲ್ಲ. ಮೊದಮೊದಲು ನನ್ನ ಪ್ರೋಗ್ರಾಂ ಒಂದು ಸಲ ಗಂಟೆ ಹೊಡೆದು ಕಲ್ಲುಗುಂಡಿನ ಹಾಗೆ ಕೂತುಬಿಡುತ್ತಿತ್ತು. ಹುಡುಕಿ ಹುಡುಕಿ ಸಾಕಾಗಿ ಹೋದ ಮೇಲೆ ಈ ತಪ್ಪು ಸಿಕ್ಕಿತು. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಪೀಡೆ. ನೀರಿನ ಮಟ್ಟ ಹೇಳುವ ತೇಲುಬುರುಡೆ ಅಲುಗಾಡಿದಾಗ ಒಂದು ಕರೆ ಹತ್ತಾಗಿ ಬರುತ್ತಿತ್ತು. ಬುರುಡೆ ನಿಲ್ಲುವ ತನಕ ತಾಳಿ, ಇನ್ನೊಮ್ಮೆ ನೋಡಿ, ಆಮೇಲೆ ನಂಬು ಎಂದು ಬರೆದೆ. ಬರೆದದ್ದನ್ನು ಚಿಪ್ಪಿಗೆ ತುಂಬುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಕರೆಂಟಿನವರಿಗೆ ನಾನು ಆಗ ಹಾಕಿದ ಶಾಪವೆಲ್ಲ ತಟ್ಟಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ.

ಈ ಮೊದಲ ಪ್ಯಾನಲ್ಲು ಹೋಗಬೇಕಾಗಿದ್ದದ್ದು ತೌಡಿನಿಂದ ಎಣ್ಣೆ ತೆಗೆಯುವ ಒಂದು ಖಾಸಗಿ ಕಾರ್ಖಾನೆಗೆ. ಅಲ್ಲಿ ಭತ್ತದ ಹೊಟ್ಟು ಉರಿಸುವ ಬಾಯ್ಲರು ಇತ್ತು. ಅದರ ಮುಂದೆ ನಿಂತು ಬೆಂಕಿ ನೋಡಿಕೊಳ್ಳುತ್ತಿದ್ದವನು ನನ್ನ ಸೋದರಮಾವ.

ನಮ್ಮದು ಕೆ.ಆರ್. ಪೇಟೆ ಕಡೆಯ ಕಮ್ಮಾರರ ಮನೆ. ನಾನು ಇನ್ನೂ ಲಂಗ ಉಡುತ್ತಿದ್ದಾಗ ಅಪ್ಪ ತೀರಿಕೊಂಡ. ಮಾವ ಬಂದು ಅವ್ವನನ್ನೂ ನನ್ನನ್ನೂ ತನ್ನ ಮನೆಗೆ ಕರೆದುಕೊಂಡು ಹೋದ. ನೇಗಿಲಿನ ಗುಳ, ಕುಡುಗೋಲು ಎಲ್ಲ ಅಂಗಡಿಯಲ್ಲೇ ಸಿಗಲು ಶುರುವಾದ ಮೇಲೆ ಕುಲುಮೆ ಆರಿಸಿ, ಪಾಂಡವಪುರಕ್ಕೆ ಬಂದು ಬಾಯ್ಲರಿನ ಕೆಲಸಕ್ಕೆ ಸೇರಿದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ನನ್ನನ್ನು ಕೂಸೇ ಎಂದು ಕರೆಯುತ್ತಿದ್ದ, ನಾನು ಡಿಪ್ಲೊಮಾ ಮಾಡಿದ ಮೇಲೂ ಕೂಸೇ. ಊಟಕ್ಕೆ ಕೂತಾಗ ಬಾಯ್ಲರಿನ ಮಾತೇ ಮಾತು. ಒಳಗೆ ನೀರು ಎಷ್ಟಿದೆ ಎಂದು ತೋರಿಸಲು ಹೊರಗೆ ಒಂದು ಗಾಜಿನ ಕೊಳವೆ ಇರುತ್ತದೆ, ಅದರ ಮೇಲೆ ಕಣ್ಣಿಟ್ಟಿರಬೇಕು. ನೀರು ಇಳಿದುಹೋದರೆ ಒಳಗಿನ ಕಬ್ಬಿಣ ಕೆಂಪಗೆ ಕಾಯುತ್ತದೆ. ಕಾದ ಮೇಲೆ ತಣ್ಣೀರು ಬಿಟ್ಟರೆ ಬಾಯ್ಲರೇ ಸಿಡಿಯುತ್ತದೆ, ಬಿಡಲೇಬಾರದು, ಬೆಂಕಿ ತೆಗೆದು ದೂರ ಓಡಬೇಕು. ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ನಮ್ಮವ್ವನಿಗೂ ಬಾಯಿಪಾಠವಾಗಿತ್ತು.

ಹಾಗಾಗಿ ಯಾವ ತಂತಿ ಮೊದಲು ಎಂದು ಯೋಚಿಸುವ ಪ್ರಮೇಯವೇ ನನಗೆ ಬರಲಿಲ್ಲ. ಬಾಯ್ಲರಿನ ನೀರಿಗೆ ಸೊನ್ನೆ ಕೊಟ್ಟೆ. ನೀರು ಇಳಿದರೆ ಗಂಟೆ ಹೊಡೆಯಬೇಕು, ಬೆಂಕಿಗೆ ಗಾಳಿ ಊದುವ ಫ್ಯಾನು ತಾನಾಗಿಯೇ ನಿಲ್ಲಬೇಕು. ಆಮೇಲೆ ಉಗಿಯ ಒತ್ತಡ, ಎಣ್ಣೆಯ ಶಾಖ, ಹೀಗೆ ಒಂದೊಂದಾಗಿ. ಕೊನೆಗೆ ಏಳನೆಯದು ಕಾರ್ಖಾನೆಯ ಯಜಮಾನರ ಸ್ವಿಚ್ಚು. ಅದು ಅವರ ಕ್ಯಾಬಿನ್ನಿನಲ್ಲಿ ಇರುತ್ತದೆ. ಒತ್ತಿದರೆ ಪಕ್ಕದ ಪ್ರಿಂಟರು ಕಾರ್ಖಾನೆಯ ಹೆಸರು, ಯಜಮಾನರ ಹೆಸರು, ಆವತ್ತಿನ ಶಾಖ ಒತ್ತಡ ಎಲ್ಲವನ್ನೂ ಟಪಟಪ ಹೊಡೆದುಕೊಡುತ್ತದೆ. ಒಂದು ಹಾಳೆ ಮುಗಿಯಲು ಬಿಸಿ ಕಾಫಿ ಆರಿಸಿ ಕುಡಿಯುವಷ್ಟು ಹೊತ್ತು ಬೇಕು. ಬಂದವರಿಗೆ ತೋರಿಸಿಕೊಳ್ಳಲು ಬಿಟ್ಟರೆ ಆ ಹಾಳೆಯಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಪ್ಯಾನಲ್ಲು ಹೇಗೆ ಬರುತ್ತಿದೆ ಎಂದು ನೋಡಲು ಯಜಮಾನರು ಒಂದು ದಿನ ಶೆಡ್ಡಿಗೆ ಬಂದರು. ಸುತ್ತಮುತ್ತ ಅಕ್ಕಿ ಗಿರಣಿ ಇದ್ದ ಮನುಷ್ಯ, ಮದುವೆ ಮನೆಗೆ ಬಂದರೆ ಅವರ ಎಲೆಗೆ ಬಡಿಸದೆ ಮುಂದಿನ ಎಲೆಗೆ ಹೋಗುವಂತಿರಲಿಲ್ಲ. ಸಾರ್ ಒಂದೊಂದೇ ತಂತಿ ತೋರಿಸುತ್ತಾ ಬಂದು, ಇದು ತಮ್ಮ ಸ್ವಿಚ್ಚು, ಏಳನೆಯದು ಎಂದುಬಿಟ್ಟರು. ಏಳು ಅಂದರೇನು ಎಂದು ಅವರು ಕೇಳಿದರು. ಕೊನೆಯದು ಎಂದು ನಾನು ಹೇಳಿದೆ. ಅವರ ಮುಖ ಹುಣಸೆಹಣ್ಣು ತಿಂದ ಹಾಗಾಯಿತು.

"ನಾನ್ ಒತ್ತುದ್ರೆ ಮೊದ್ಲು ನಂದು ಬರ್ಬೇಕು ಕಣಮ್ಮ. ನನ್ ಕಾರ್ಖಾನೇಲಿ ನನ್ನೇ ಕಾಯ್ಸೋಕೆ ಅದ್ಯಾವ ನೀರು?"

ನಾನು ಬಾಯಿ ತೆಗೆಯುವ ಮುಂಚೆ ಸಾರ್ ಆಗಲಿ ಆಗಲಿ ಎಂದು ಕೈ ಮುಗಿದಾಗಿತ್ತು. ಕಾರು ಹೋದ ಮೇಲೆ ನಾನು ಜಗಳಕ್ಕೆ ನಿಂತೆ. ಅವರ ಹಾಳೆ ಮುಗಿಯುವ ತನಕ ಪ್ಯಾನಲ್ಲು ಕಿವುಡಾಗಿರುತ್ತದೆ, ಅಷ್ಟರಲ್ಲಿ ನೀರು ಇಳಿದರೆ ಯಾರು ಹೇಳುವವರು ಅಂದೆ. ಗಾಜಿನ ಕೊಳವೆ ಇದೆಯಲ್ಲ, ಅದನ್ನು ನೋಡಲು ಆಳು ಇದ್ದಾನಲ್ಲ ಅಂದರು. ಆ ಆಳು ನಮ್ಮ ಮಾವ ಅಂದೆ. ಸಾರ್ ಕನ್ನಡಕ ಒರೆಸಿಕೊಂಡು, ಗಿರಾಕಿ ಕೇಳಿದ್ದನ್ನು ಕೊಡುವುದು ನಮ್ಮ ಕೆಲಸ, ಸೊನ್ನೆ ಯಜಮಾನರಿಗೆ, ನೀರು ಒಂದಕ್ಕೆ ಹೋಗಲಿ, ನಾಳೆ ತಂತಿ ನೋಡುತ್ತೇನೆ ಅಂದರು. ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡ ಮನುಷ್ಯ ಹೀಗೆ ಹೇಳಿದರು. ಗೊತ್ತಿಲ್ಲದವನು ಹೇಳಿದ್ದರೆ ತಿಳಿಸಿ ಹೇಳಬಹುದು, ಗೊತ್ತಿದ್ದೂ ಹೇಳಿದವನಿಗೆ ಏನು ಮಾಡುತ್ತೀರಿ? ಬಸ್ಸಿನಲ್ಲಿ ಶ್ರೀರಂಗಪಟ್ಟಣದವರೆಗೂ ಕೈಪಿಡಿಯ ಪುಟ ತಿರುವುತ್ತಾ ಬಂದೆ.

ಮಾರನೆಯ ದಿನ ಅವರು ಹೇಳಿದ ಹಾಗೆಯೇ ತಂತಿ ಬದಲಾಯಿಸಿದೆ. ಸೊನ್ನೆಗೆ ಯಜಮಾನರು, ಒಂದಕ್ಕೆ ನೀರು. ಸಾರ್ ಬಂದು ಬಗ್ಗಿ ನೋಡಿ ತಲೆಯಾಡಿಸಿ ಹೋದರು. ಅವರು ನೋಡಿದ್ದು ತಂತಿ, ಪ್ರೋಗ್ರಾಮನ್ನಲ್ಲ. ಆ ಚಿಪ್ಪಿಗೆ ಒಂದು ಆಜ್ಞೆ ಇದೆ. ಇಂಥ ನಂಬರು ಕೊನೆಯದು ಎಂದು ಒಂದು ಸಲ ಹೇಳಿದರೆ ಸಾಕು, ಅದರ ಮುಂದಿನ ನಂಬರು ತಾನಾಗಿಯೇ ಮೊದಲನೆಯದಾಗುತ್ತದೆ. ಪಂಕ್ತಿಯಲ್ಲಿ ಯಾವ ಎಲೆಯಿಂದ ಬಡಿಸಲು ಶುರು ಮಾಡಬೇಕು ಎಂದು ಅಡುಗೆಯವನಿಗೆ ಹೇಳಿದ ಹಾಗೆ. ಸೊನ್ನೆಯೇ ಕೊನೆ ಎಂದು ಬರೆದೆ. ಯಜಮಾನರ ಹಾಳೆ ಅಚ್ಚಾಗುವಾಗ ಬೇರೆ ಯಾರು ಕರೆದರೂ ಅದನ್ನು ಅಲ್ಲಿಗೇ ನಿಲ್ಲಿಸಿ ಹೋಗು ಎಂದೂ ಬರೆದೆ. ಒಟ್ಟು ಸೇರಿ ಬೆರಳೆಣಿಕೆಯ ಅಕ್ಷರಗಳು. ಬರೆಯುವಾಗ ನನಗೆ ಒಂದಿಷ್ಟೂ ಅಳುಕಾಗಲಿಲ್ಲ, ಈಗಲೂ ಇಲ್ಲ. ಸಾರ್ ಸ್ವಿಚ್ಚು ಒತ್ತಿ ನೋಡಿದರು, ಪ್ರಿಂಟರು ತಕ್ಷಣ ಹೊಡೆಯಿತು. ಬೇರೆ ಯಾರೂ ಕರೆಯದೆ ಇರುವಾಗ ಕೊನೆಯವನೂ ಮೊದಲನೆಯವನೇ ಆಗಿರುತ್ತಾನೆ. ಭೇಷ್ ಎಂದು ಬೆನ್ನು ತಟ್ಟಿ ಪ್ಯಾನಲ್ಲನ್ನು ಲಾರಿಗೆ ಹಾಕಿಸಿದರು.

ಕಾರ್ಖಾನೆಯಲ್ಲಿ ಅದರ ಪ್ರಾರಂಭಕ್ಕೆ ಒಂದು ಶುಕ್ರವಾರ ಇಟ್ಟುಕೊಂಡರು. ಚಪ್ಪರವೇನು, ವಾಲಗವೇನು, ಮೈಸೂರಿನಿಂದ ಮಂಡ್ಯದಿಂದ ಬಂದ ದೊಡ್ಡವರೇನು. ಅಡುಗೆಗೆ ಮೇಲುಕೋಟೆ ಕಡೆಯವರಂತೆ, ಪುಳಿಯೋಗರೆ ವಾಸನೆ ತೌಡಿನ ವಾಸನೆಯನ್ನು ಮೀರಿಸಿತ್ತು. ನಾನೂ ಸಾರೂ ಕ್ಯಾಬಿನ್ನಿನಲ್ಲಿ ಪ್ಯಾನಲ್ಲಿನ ಪಕ್ಕ ನಿಂತಿದ್ದೆವು. ಕ್ಯಾಬಿನ್ನಿನ ಕಿಟಕಿಯಿಂದ ಕೆಳಗೆ ಬಾಯ್ಲರಿನ ಶೆಡ್ಡು ಕಾಣುತ್ತಿತ್ತು. ಅಲ್ಲಿ ಪೂಜೆ ನಡೆಯುತ್ತಿತ್ತು. ಆಯುಧಪೂಜೆಯಲ್ಲಿ ಮಾಡುವ ಹಾಗೆ ಬಾಯ್ಲರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದರು. ಮಾವ ಹೊಸ ಖಾಕಿ ತೊಟ್ಟು, ಬರಿಗಾಲಿನಲ್ಲಿ ಕೈ ಮುಗಿದು ನಿಂತಿದ್ದ. ಬಂದವರ ಬೆನ್ನು ಅಡ್ಡವಾಗಿದ್ದರಿಂದ ನನಗೆ ಅದಕ್ಕಿಂತ ಹೆಚ್ಚು ಕಾಣಲಿಲ್ಲ.

ಪೂಜೆ ಮುಗಿಸಿ ಎಲ್ಲರೂ ಮೇಲೆ ಬಂದರು. ಯಜಮಾನರು ಜರಿಪೇಟದ ತುದಿ ಸರಿಮಾಡಿಕೊಂಡು, ನೆಂಟರು, ಅಧಿಕಾರಿಗಳು ಎಲ್ಲ ನೋಡುತ್ತಿರುವ ಹಾಗೆಯೇ ಸ್ವಿಚ್ಚು ಒತ್ತಿದರು. ಪ್ರಿಂಟರು ಶುರುವಾಯಿತು. ಚಪ್ಪಾಳೆ ಬಿತ್ತು. ಕಾರ್ಖಾನೆಯ ಹೆಸರು ಬಂತು, ಕೆಳಗಿನ ಸಾಲಿನಲ್ಲಿ ಯಜಮಾನರ ಹೆಸರು ಬರತೊಡಗಿತು. ಅರ್ಧ ಹೆಸರಿಗೆ ಪ್ರಿಂಟರು ನಿಂತಿತು. ಕೆಂಪು ದೀಪ ಹೊತ್ತಿತು, ಗಂಟೆ ಹೊಡೆಯತೊಡಗಿತು, ಕೆಳಗೆ ಗಾಳಿ ಊದುವ ಫ್ಯಾನಿನ ಸದ್ದು ನಿಂತುಹೋಯಿತು.

ಯಜಮಾನರು ಇನ್ನೊಂದು ಸಲ ಒತ್ತಿದರು. ಮತ್ತೆ ಒತ್ತಿದರು. ಆಮೇಲೆ ಕೈ ಮುಷ್ಟಿ ಮಾಡಿ ಗುದ್ದಿದರು. ಯಾರೋ ನೆಂಟರು ಕಿಸಕ್ ಎಂದು ನಕ್ಕದ್ದೂ ಕೇಳಿಸಿತು. ತನ್ನ ಹೆಸರನ್ನೇ ಅರ್ಧಕ್ಕೆ ನುಂಗಿಬಿಟ್ಟಿತಲ್ಲ ಇದು ಎಂದು ಅವರು ಸಾರನ್ನು ದಬಾಯಿಸುತ್ತಿದ್ದರು, ಸಾರ್ ಬೆವರುತ್ತಾ ಗಂಟೆಯ ತಂತಿ ಕೀಳಲು ಹುಡುಕುತ್ತಿದ್ದರು. ಅಷ್ಟು ಜನರಲ್ಲಿ ಒಬ್ಬರಾದರೂ ಆ ಕೆಂಪು ದೀಪದ ಕೆಳಗೆ ಏನು ಬರೆದಿದೆ ಎಂದು ಓದಲಿಲ್ಲ. ನಾನು ಮೆಟ್ಟಿಲಿಳಿದು ಓಡಿದೆ.

ಮಾವ ಕೈ ಮುಗಿದ ಭಂಗಿಯಲ್ಲೇ ಬಾಯ್ಲರಿನ ಮುಂದೆ ನಿಂತಿದ್ದ. ಹಾರ ಹಾಕಲು ಬಾಯ್ಲರಿಗೆ ಕತ್ತೆಲ್ಲಿದೆ? ಹೊರಗೆ ಚಾಚಿಕೊಂಡಿದ್ದದ್ದು ಗಾಜಿನ ಕೊಳವೆ ಒಂದೇ. ಅದಕ್ಕೇ ತೋಳು ಗಾತ್ರದ ಚೆಂಡುಹೂವಿನ ಹಾರ ಹಾಕಿಬಿಟ್ಟಿದ್ದರು. ಯಜಮಾನರು ಕೈಯಾರೆ ಹಾಕಿದ ಹಾರ, ಅದಕ್ಕೇ ಮಾವ ಅದನ್ನು ಸರಿಸಿರಲಿಲ್ಲ. ಪಂಪು ತಿರುಗುತ್ತಿತ್ತು, ನೀರು ಹೋಗುತ್ತಿದೆ ಎಂದುಕೊಂಡಿದ್ದ. ನಾಲೆಯಿಂದ ನೀರೆಳೆಯುವ ಪೈಪಿನ ಬಾಯಿಗೆ ಪಾಚಿ ಸಿಕ್ಕಿಕೊಂಡು ಪಂಪು ಬರಿದೇ ತಿರುಗುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ನಾನು ಹಾರವನ್ನು ಹಿಡಿದು ಜಗ್ಗಿದೆ, ದಾರ ಕಿತ್ತು ಹೂವೆಲ್ಲ ಚೆಲ್ಲಿಹೋಯಿತು. ಕೊಳವೆಯಲ್ಲಿ ಒಂದು ಹನಿ ನೀರಿರಲಿಲ್ಲ.

ನೀರಿಲ್ಲ ಎಂದು ನಾನು ಕಿರುಚಿದ್ದು ಕೇಳಿ ಯಜಮಾನರು ಮೇಲಿನ ಕಿಟಕಿಯಿಂದ ತಲೆ ಹಾಕಿ, ನೀರ್ ಬುಡ್ಲಾ, ನೀರ್ ಬುಡು ಎಂದು ಅರಚಿದರು. ಮಾವನ ಕೈ ಹಿತ್ತಾಳೆ ವಾಲ್ವಿಗೆ ಹೋಯಿತು. ಅದನ್ನು ತಿರುಗಿಸಿದರೆ ಮೇಲಿನ ತೊಟ್ಟಿಯ ತಣ್ಣೀರು ಒಳಗೆ ನುಗ್ಗುತ್ತದೆ. ಊಟಕ್ಕೆ ಕೂತಾಗಲೆಲ್ಲ ಬಿಡಬಾರದು ಬಿಡಬಾರದು ಎಂದು ನಮಗೆ ಹೇಳಿಕೊಟ್ಟವನು ಅವನೇ. ನಾನು ಎರಡೂ ಕೈಯಲ್ಲಿ ಅವನ ಮಣಿಕಟ್ಟು ಹಿಡಿದುಕೊಂಡೆ. ಅವನು ನನ್ನನ್ನು ನೋಡಿದ. ಗೊತ್ತಿದೆ ಎಂದು ಅವನ ಕಣ್ಣೇ ಹೇಳುತ್ತಿತ್ತು.

"ಯಜಮಾನ್ರು ಏಳ್ತಾವ್ರೆ ಕಣ್ ಕೂಸೇ," ಅಂದ.

ಅವನ ಕೈ ನಾನು ಬಿಡಲಿಲ್ಲ. ಹಲ್ಲು ಕಚ್ಚಿ ದರದರ ಎಳೆದುಕೊಂಡು ಬೂದಿಗುಡ್ಡೆಯ ಆಚೆಗೆ ಹೋಗಿ ಬಿದ್ದೆ, ಅವನೂ ನನ್ನ ಜೊತೆ ಬಿದ್ದ. ಗಾಳಿ ನಿಂತಿದ್ದರಿಂದ ಹೊಟ್ಟಿನ ಬೆಂಕಿ ಮೆಲ್ಲಗೆ ಕುಗ್ಗಿತು. ಸಂಜೆಯ ಹೊತ್ತಿಗೆ ಬಾಯ್ಲರು ತಣ್ಣಗಾಯಿತು. ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಒಳಗಿನ ಕೊಳವೆಗಳು ಜೋತುಬಿದ್ದಿದ್ದನ್ನು ತೋರಿಸಿ, ಇನ್ನು ಸ್ವಲ್ಪ ಉರಿದಿದ್ದರೆ, ಇಲ್ಲವೇ ಯಾರಾದರೂ ನೀರು ಬಿಟ್ಟಿದ್ದರೆ ಈ ಶೆಡ್ಡೇ ಇರುತ್ತಿರಲಿಲ್ಲ ಅಂದರು. ಬಾಯ್ಲರಿನ ಮುಂದೆ ನಿಂತಿದ್ದವನು ಏನಾಗುತ್ತಿದ್ದ ಎಂಬ ಮಾತು ಅವರು ಎತ್ತಲಿಲ್ಲ. ಎತ್ತುವ ಅಗತ್ಯ ನನಗಂತೂ ಇರಲಿಲ್ಲ.

ಒಂದು ಜೀವ ಉಳಿಯಿತು ಎಂದು ಯಾರಾದರೂ ಒಂದು ಮಾತು 'ಸದ್ಯ' ಅಂದರೇ? ಅಯ್ಯೋ ಶಿವನೇ, ಅವರಿಗೆ ದುಃಖವೆಲ್ಲ ಆ ಅರ್ಧ ಹೆಸರಿನದು. ಸಾರ್ ನನ್ನನ್ನು ಶೆಡ್ಡಿಗೆ ಕರೆಸಿ ಏನು ಮಾಡಿದ್ದೀಯ ಎಂದು ಕೇಳಿದರು. ಮಾಡಿದ್ದನ್ನು ಹೇಳಿದೆ, ಆ ಆಜ್ಞೆ ಇರುವ ಪುಟವನ್ನೂ ತೆಗೆದು ತೋರಿಸಿದೆ. ಓದಿ ಕೈಪಿಡಿ ಮುಚ್ಚಿಟ್ಟರು. ನೀನು ಮಾಡಿದ್ದು ಸರಿ ಎಂದು ಅವರಿಗೆ ಅನ್ನಿಸಿತು, ಅದು ಮುಖದಲ್ಲೇ ಇತ್ತು. ಆದರೂ ಬಾಯಲ್ಲಿ ಬಂದದ್ದು ಬೇರೆ: ಯಜಮಾನರ ಹತ್ತಿರ ಹೋಗಿ ತಪ್ಪಾಯಿತು ಅನ್ನು, ಅವರನ್ನು ಮೊದಲಿಗೆ ಹಾಕಿಕೊಡು. ಆಗುವುದಿಲ್ಲ ಎಂದು ನನ್ನ ಊಟದ ಡಬ್ಬಿ ಎತ್ತಿಕೊಂಡು ಬಂದುಬಿಟ್ಟೆ. ಪ್ರೋಗ್ರಾಂ ಕೈಯಲ್ಲಿ ಬರೆದದ್ದು, ನನ್ನನ್ನು ಬಿಟ್ಟು ಅದನ್ನು ತಿದ್ದಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಮಾವ ಕಾರ್ಖಾನೆಯಿಂದ ಮನೆಗೆ ಬಂದ. ಜಗಲಿಯ ಮೇಲೆ ಕೂತ. ಯಜಮಾನರು ಅವನನ್ನು ಕರೆಸಿ, ನಿನ್ನ ಸೋದರಸೊಸೆ ಬಂದು ಸರಿಮಾಡಿಕೊಟ್ಟರೆ ಆಯಿತು, ಇಲ್ಲದಿದ್ದರೆ ನೀನು ಬೇರೆ ಕಡೆ ನೋಡಿಕೋ ಎಂದಿದ್ದರಂತೆ. ಮಾವ ಹಣ್ಣು ಕಾಯಿ ಇಟ್ಟುಕೊಂಡು ಹೋಗಿ ಅವರ ಕಾಲಿಗೆ ಬಿದ್ದು ಬಂದಿದ್ದ. ಅದನ್ನು ಕೇಳಿ ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಚೊಂಬನ್ನು ಅಂಗಳಕ್ಕೆ ಎಸೆದೆ. ಅವನು ಆ ಚೊಂಬನ್ನು ಎತ್ತಿ ತಂದು ಗೋಡೆಗೆ ಆನಿಸಿಟ್ಟ.

"ಯಜಮಾನ್ರುದ್ನೆ ಮೊದ್ಲು ಮಾಡ್ಕೊಟ್ಬುಡು ಕೂಸೇ. ಒಂದ್ ಗಳ್ಗೆ ತಡ್ಕಳಾದ್ರಲ್ಲಿ ಏನೈತೆ? ನಾನು ತಡ್ಕತಿದ್ದೆ ಕಣವ್ವ."

"ನೀನ್ ತಡ್ಕತಿದ್ದೆ ಮಾವ," ಅಂದೆ. "ಬೆಂಕಿ ತಡ್ಕತಿತ್ತಾ?"

ಅವನು ನನ್ನ ಮುಖ ನೋಡುತ್ತಾ ಕೂತಿದ್ದ, ನಾನು ಈಗಲಾದರೂ ಹೂಂ ಅನ್ನುತ್ತೇನೇನೋ ಎಂದು. ಅವ್ವ ಒಳಗಿನಿಂದ ಬಂದು ನನಗೆ ಬೈದಳು, ಅತ್ತಳು, ಸಾಕಿದವನ ಹೊಟ್ಟೆಯ ಮೇಲೆ ಹೊಡೆಯಬೇಡ ಅಂದಳು. ಮಾಡುವುದಿಲ್ಲ ಅಂದೆ. ಇನ್ನೊಂದು ಸಲ ಕೇಳಿದರೂ ಮಾಡುವುದಿಲ್ಲ ಅಂದೆ. ಮಾವ ಎದ್ದು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದ.

ಪ್ಯಾನಲ್ಲು ಲಾರಿಯಲ್ಲಿ ಬೆಳಗೊಳಕ್ಕೆ ವಾಪಸ್ಸಾಯಿತು. ಮಾವನನ್ನು ಕೆಲಸದಿಂದ ತೆಗೆದರು. ಅವನು ನಾಗಮಂಗಲಕ್ಕೆ ಹೋಗಿ ಕಿಟಕಿಗೆ ಗ್ರಿಲ್ಲು ಮಾಡುವ ಅಂಗಡಿಯೊಂದರಲ್ಲಿ ಸೇರಿಕೊಂಡ. ಆಮೇಲೆ ನನ್ನನ್ನು ಯಾವತ್ತೂ ಕೂಸೇ ಎಂದು ಕರೆಯಲಿಲ್ಲ. ಅವನ ಕೂದಲು ಪೂರ್ತಿ ಬೆಳ್ಳಗಾಯಿತು, ಹಲ್ಲು ಉದುರಿದವು, ನೆಂಟರ ಮನೆಗಳಲ್ಲಿ ನಾಮಕರಣ ಮದುವೆ ಎಂದು ಎಲ್ಲಿ ಕೂತರೂ, ನಾನೇ ಸಾಕಿದ ಕೂಸು ನನ್ನ ಅನ್ನ ಕಿತ್ಕಂಡ್ತು ಎಂದು ಹೇಳಿಕೊಳ್ಳುತ್ತಿದ್ದ. ನಾನು ಪಕ್ಕದ ಕೋಣೆಯಲ್ಲಿದ್ದರೂ ದನಿ ತಗ್ಗಿಸುತ್ತಿರಲಿಲ್ಲ. ಹೇಳಿಕೊಳ್ಳಲಿ. ಹೇಳಿಕೊಳ್ಳುವುದಕ್ಕೆ ಆ ಬಾಯಿ ಉಳಿದಿತ್ತಲ್ಲ.